ಊರಿನಲ್ಲೊಂದು ದೇಸಿ ಬೀಜ ಬ್ಯಾಂಕ್: ಕಟ್ಟುವ ಮತ್ತು ನಡೆಸುವ ಬಗೆ

ತನ್ನ ಹೊಲದ ತೆನೆಯಿಂದಲೇ ಮುಂದಿನ ವರ್ಷದ ಬಿತ್ತನೆ ಬೀಜವನ್ನು ಎತ್ತಿಟ್ಟುಕೊಳ್ಳುವುದು ಒಂದೆರಡು ತಲೆಮಾರಿನ ಹಿಂದೆ ಕರ್ನಾಟಕದ ಬಹುತೇಕ ಮನೆಗಳಲ್ಲಿ ಯಾರೂ ಹೇಳಿಕೊಡದೆ ನಡೆಯುತ್ತಿದ್ದ ಕೆಲಸ. ಈಗ ಮುಂಗಾರು ಹತ್ತಿರ ಬಂದಂತೆ ಊರಿಗೆ ಊರೇ ಪೇಟೆಯ ಬೀಜದಂಗಡಿಯ ಕಡೆ ಮುಖ ಮಾಡುತ್ತದೆ. ಆ ಬೀಜದ ಜೊತೆಗೆ ಅದಕ್ಕೆ ಬೇಕಾದ ಗೊಬ್ಬರ ಮತ್ತು ಔಷಧಿಯ ಖರ್ಚೂ ಬರುತ್ತದೆ. ಬೆಳೆ ಕೈಗೆ ಬರುವ ಮೊದಲೇ ಹಣ ಊರು ಬಿಟ್ಟು ಹೋಗಿರುತ್ತದೆ. ಪರಿಸರಕ್ಕೆ ಹೊರೆಯಾಗದ ಹಳ್ಳಿಯ ಆರ್ಥಿಕತೆಯ ಬಗ್ಗೆ ಮಾತನಾಡುವವರು ಸೌರ ದೀಪದಿಂದಲೋ ಗೋಬರ್ ಗ್ಯಾಸಿನಿಂದಲೋ ಆರಂಭಿಸುವುದುಂಟು. ಬೀಜದಿಂದ ಆರಂಭಿಸುವುದೇ ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಇದಕ್ಕೆ ದೊಡ್ಡ ಬಂಡವಾಳ ಬೇಡ, ಹೊರಗಿನ ತಂತ್ರಜ್ಞರು ಬೇಡ, ಮತ್ತು ಬೇಕಾದ ತಿಳಿವಳಿಕೆಯ ಬಹುಪಾಲು ಊರಿನ ಹಿರಿಯ ಹೆಂಗಸರಲ್ಲಿ ಇನ್ನೂ ಉಳಿದಿದೆ.

ಈ ಬರಹವನ್ನು ಸ್ತ್ರೀಶಕ್ತಿ ಸಂಘ, ರೈತರ ಗುಂಪು ಅಥವಾ ಹತ್ತಾರು ಮನೆಗಳ ಒಂದು ಕೂಟ ಬೀಜ ಬ್ಯಾಂಕ್, ಅಂದರೆ ಬಿತ್ತನೆ ಬೀಜವನ್ನು ಸಾಲವಾಗಿ ಕೊಟ್ಟು ಸುಗ್ಗಿಯಲ್ಲಿ ಬೀಜವಾಗಿಯೇ ಮರಳಿ ಪಡೆಯುವ ಏರ್ಪಾಟು, ತೆರೆಯಲು ಹೊರಟಾಗ ಕೈಯಲ್ಲಿಟ್ಟುಕೊಳ್ಳಲೆಂದು ಬರೆದಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಹಳೆ ಮೈಸೂರು ಭಾಗದ ರಾಗಿ ಸೀಮೆಯವು. ಭತ್ತದ ಸೀಮೆಯವರೂ ಬಿಳಿಜೋಳದ ಸೀಮೆಯವರೂ ತಮ್ಮ ಬೆಳೆಗೆ ತಕ್ಕಂತೆ ಹೊಂದಿಸಿಕೊಳ್ಳಬಹುದು.

ಆರಂಭದಲ್ಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಸಂಗತಿಯೊಂದಿದೆ. ಡಬ್ಬಿಯಲ್ಲಿಟ್ಟ ಬೀಜ ವರ್ಷ ವರ್ಷಕ್ಕೂ ಮೊಳಕೆಯ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಹೊಲಕ್ಕೆ ಹೋಗಿ ಮರಳಿ ಬಂದರೆ ಮಾತ್ರ ತಳಿ ಉಳಿಯುತ್ತದೆ. ಆದ್ದರಿಂದ ಕಟ್ಟಡ, ಕಪಾಟು, ನಾಮಫಲಕಗಳಿಗೆ ಮೊದಲು ಯಾವ ತಳಿಯನ್ನು ಯಾವ ಮನೆಯವರು ಯಾವ ಹೊಲದಲ್ಲಿ ಪ್ರತಿ ವರ್ಷ ಬೆಳೆಯುತ್ತಾರೆ ಎಂಬುದನ್ನು ತೀರ್ಮಾನಿಸಬೇಕು. ಪ್ರತಿ ತಳಿಗೂ ಕನಿಷ್ಠ ಎರಡು ಮನೆಗಳು ಜವಾಬ್ದಾರರಾಗಿರಲಿ. ಒಬ್ಬರ ಹೊಲಕ್ಕೆ ಆನೆಯೋ ಹಂದಿಯೋ ನುಗ್ಗಿದರೆ, ಒಬ್ಬರ ಮನೆಯಲ್ಲಿ ಕಾಯಿಲೆ ಬಂದು ಬಿತ್ತನೆ ತಪ್ಪಿದರೆ, ಇನ್ನೊಬ್ಬರ ಹೊಲದಲ್ಲಿ ಅದು ಇರುತ್ತದೆ. ಮೊದಲ ವರ್ಷ ಹತ್ತು ತಳಿಗಳಿದ್ದರೆ ಧಾರಾಳವಾಯಿತು. ನೂರು ತಳಿ ಸಂಗ್ರಹಿಸಿ ಪ್ರದರ್ಶನಕ್ಕಿಟ್ಟು ಮೂರನೆಯ ವರ್ಷಕ್ಕೆ ಅರ್ಧದಷ್ಟನ್ನು ಕಳೆದುಕೊಳ್ಳುವುದಕ್ಕಿಂತ ಹತ್ತನ್ನು ಚೆನ್ನಾಗಿ ಕಾಯುವುದು ಮೇಲು.

ಬೀಜ ಹುಡುಕುವುದು

ಹುಡುಕಾಟವನ್ನು ಸ್ವಂತ ಊರಿನಿಂದಲೇ ಆರಂಭಿಸಬೇಕು. ಸುಗ್ಗಿ ಮುಗಿದು ಬಿಡುವಾಗಿರುವ ಮಾಘ, ಫಾಲ್ಗುಣ ಮಾಸಗಳು ಇದಕ್ಕೆ ಒಳ್ಳೆಯ ಕಾಲ. ಅಟ್ಟದ ಮೇಲಿನ ಸೋರೆ ಬುರುಡೆ, ಗೋಡೆಗೆ ನೇತುಹಾಕಿದ ಜೋಳದ ತೆನೆ, ಅಡುಗೆಮನೆಯ ಹೊಗೆ ತಾಗುವ ಜಾಗದಲ್ಲಿ ಕಟ್ಟಿಟ್ಟ ಅವರೆಕಾಯಿ ಗೊಂಚಲು, ಬೂದಿ ಬೆರೆಸಿಟ್ಟ ಬದನೆ ಬೀಜದ ಪೊಟ್ಟಣ, ಇಂಥವೆಲ್ಲ ಇನ್ನೂ ಅನೇಕ ಮನೆಗಳಲ್ಲಿ ಇರುತ್ತವೆ, ಕೇಳುವವರಿಲ್ಲದೆ ಇರುತ್ತವೆ. ಬೀಜ ಪಡೆಯುವಾಗ ಅದರ ಕಥೆಯನ್ನೂ ಬರೆದುಕೊಳ್ಳಬೇಕು: ಊರಿನಲ್ಲಿ ಕರೆಯುವ ಹೆಸರು, ಎಷ್ಟು ತಿಂಗಳ ಬೆಳೆ, ಯಾವ ಮಳೆಗೆ ಬಿತ್ತುತ್ತಿದ್ದರು, ಕೆಂಪು ಮಣ್ಣಿಗೋ ಕಪ್ಪು ಮಣ್ಣಿಗೋ, ಹುಲ್ಲು ದನಕ್ಕೆ ಇಷ್ಟವೋ, ಮುದ್ದೆ ಹೇಗಾಗುತ್ತದೆ, ಯಾವ ರೋಗ ತಾಗುತ್ತದೆ. ಮುಂದೆ ಈ ಬೀಜವನ್ನು ಕೇಳಿಕೊಂಡು ಬರುವ ರೈತನಿಗೆ ಬೇಕಾಗುವುದು ಈ ವಿವರಗಳೇ.

ತಳಿ ಮತ್ತು ನೆಲದ ನಂಟು ಎಷ್ಟು ಗಟ್ಟಿಯೆಂಬುದಕ್ಕೆ ಉತ್ತರ ಕನ್ನಡದ ಕಗ್ಗ ಭತ್ತವನ್ನು ನೋಡಬಹುದು. ಅಘನಾಶಿನಿ ಅಳಿವೆಯ ಗಜನಿ ಭೂಮಿಯಲ್ಲಿ ಉಪ್ಪುನೀರು ನುಗ್ಗಿದರೂ, ನೆರೆಯಲ್ಲಿ ಕೆಲಕಾಲ ಮುಳುಗಿದರೂ ಅದು ತಡೆದುಕೊಳ್ಳುತ್ತದೆ. ಬೇರೆ ಕಡೆಯ ಉತ್ತಮ ತಳಿ ಅಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ದೂರದ ಬೀಜ ಮೇಳದಲ್ಲಿ ಕಣ್ಣಿಗೆ ಚೆಂದ ಕಂಡದ್ದನ್ನೆಲ್ಲ ತಂದು ತುಂಬುವ ಆಸೆಯನ್ನು ತಡೆಹಿಡಿಯಬೇಕು. ಊರಿನಲ್ಲಿ ತೀರಾ ಸಿಗದೆ ಹೋದ ತಳಿಗಳಿಗಾಗಿ ಸಮೀಪದ ಮಣ್ಣು ಮತ್ತು ಮಳೆ ಇರುವ ಕಡೆ ಹುಡುಕಿದರೆ ಒಳ್ಳೆಯದು. ದೇಸಿ ಬೀಜಕ್ಕಾಗಿ ಕೆಲಸ ಮಾಡುತ್ತಿರುವ ಸಹಜ ಸಮೃದ್ಧದಂಥ ಸಂಸ್ಥೆಗಳು, ಶಿರಸಿಯಲ್ಲಿ ಮಹಿಳೆಯರ ಕೈತೋಟದ ಬೀಜ ವಿನಿಮಯವನ್ನು ಬೆಳೆಸಿದ ವನಸ್ತ್ರೀ ಸಂಘಟನೆ, ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ನೂರಾರು ಭತ್ತದ ತಳಿಗಳನ್ನು ಪ್ರತಿ ವರ್ಷ ಬೆಳೆಸುತ್ತಿರುವ ಸೈಯದ್ ಗನಿ ಖಾನ್ ಅವರಂಥ ರೈತರು ಇಂಥ ಹುಡುಕಾಟಕ್ಕೆ ನೆರವಾಗಬಲ್ಲರು.

ಹೈಬ್ರಿಡ್ ಬೀಜವನ್ನು ಮಾತ್ರ ಬ್ಯಾಂಕಿಗೆ ಸೇರಿಸಬಾರದು. ಅದರ ಮೊದಲ ಪೀಳಿಗೆ ಒಂದೇ ಸಮನಾಗಿ ಬಂದರೂ ಅದರಿಂದ ಎತ್ತಿಟ್ಟ ಬೀಜ ಮುಂದಿನ ವರ್ಷ ಗಿಡಕ್ಕೊಂದು ಬಗೆಯಾಗಿ ಒಡೆದುಕೊಳ್ಳುತ್ತದೆ. ಸಂಶೋಧನಾ ಕೇಂದ್ರಗಳು ಬಿಡುಗಡೆ ಮಾಡಿದ, ಹೈಬ್ರಿಡ್ ಅಲ್ಲದ ಸುಧಾರಿತ ತಳಿಗಳ ವಿಷಯ ಬೇರೆ. ಅವು ಊರಿಗೆ ಒಗ್ಗಿದ್ದರೆ ಬೇರೆ ಪಟ್ಟಿಯಲ್ಲಿ ಇಟ್ಟುಕೊಳ್ಳಲು ಅಡ್ಡಿಯಿಲ್ಲ.

ಬೆರಕೆಯಾಗದಂತೆ ಬೆಳೆಯುವುದು

ಹೊಸಬರು ಹೆಚ್ಚಾಗಿ ಸೋಲುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಭತ್ತ, ರಾಗಿ, ಹೆಸರು, ಟೊಮೆಟೊ ಇವುಗಳಲ್ಲಿ ಹೂವು ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ. ಪಕ್ಕದ ತಾಕಿನಲ್ಲಿ ಬೇರೆ ತಳಿ ಇದ್ದರೂ ಮೂರು ಮೀಟರ್ ಅಂತರ ಬಿಟ್ಟರೆ ಭತ್ತ, ರಾಗಿಗಳಿಗೆ ಸಾಕಾಗುತ್ತದೆ. ಹೊಸ ಬ್ಯಾಂಕ್ ಇಂಥ ಬೆಳೆಗಳಿಂದ ಕೈ ಪಳಗಿಸಿಕೊಳ್ಳಲಿ. ತೊಗರಿ, ಬದನೆ, ಮೆಣಸಿನಕಾಯಿಗಳಲ್ಲಿ ಜೇನ್ನೊಣಗಳು ತಳಿಯಿಂದ ತಳಿಗೆ ಪರಾಗ ಒಯ್ಯುತ್ತವೆ. ತೊಗರಿಯ ಎರಡು ತಳಿಗಳ ನಡುವೆ ಕನಿಷ್ಠ 100 ಮೀಟರ್ ದೂರವಿರಬೇಕು. ಮುಸುಕಿನ ಜೋಳ ಗಾಳಿಯಿಂದಲೇ ಫಲ ಕಟ್ಟುವುದರಿಂದ 200 ಮೀಟರಿಗಿಂತ ಹೆಚ್ಚು ಅಂತರ ಬೇಕು, ಮತ್ತು ಬೀಜವನ್ನು ನಾಲ್ಕಾರು ತೆನೆಗಳಿಂದ ಎತ್ತದೆ ಕನಿಷ್ಠ ನೂರು ಗಿಡಗಳಿಂದ ಸ್ವಲ್ಪ ಸ್ವಲ್ಪ ಕೂಡಿಸಬೇಕು. ಇಲ್ಲವಾದರೆ ಕೆಲವೇ ವರ್ಷಗಳಲ್ಲಿ ತಳಿ ಸೊರಗುತ್ತದೆ. ಸುತ್ತಲೂ ಕಂಪನಿಯ ಮುಸುಕಿನ ಜೋಳ ಬೆಳೆಯುವ ಊರಿನಲ್ಲಿ ದೇಸಿ ಮುಸುಕಿನ ಜೋಳವನ್ನು ಉಳಿಸಬೇಕಿದ್ದರೆ ಹೂ ಬಿಡುವ ಕಾಲ ಮೂರು ನಾಲ್ಕು ವಾರ ಹಿಂದು ಮುಂದಾಗುವಂತೆ ಬಿತ್ತನೆಯ ದಿನವನ್ನು ಬದಲಿಸಿಕೊಳ್ಳುವುದೇ ಉಳಿದ ದಾರಿ.

ಬಳ್ಳಿ ತರಕಾರಿಗಳಿಗೆ ಅಷ್ಟು ದೂರ ಬಿಡಲು ಯಾರ ಕೈತೋಟದಲ್ಲೂ ಜಾಗ ಇರುವುದಿಲ್ಲ. ಅವುಗಳಿಗೆ ಕೈಯಿಂದಲೇ ಪರಾಗ ಮುಟ್ಟಿಸಬೇಕು. ಕುಂಬಳದಲ್ಲಿ ಮಾರನೆಯ ದಿನ ಬೆಳಿಗ್ಗೆ ಅರಳಲಿರುವ ಮೊಗ್ಗಿನ ತುದಿ ಹಿಂದಿನ ಸಂಜೆಯೇ ಹಳದಿಗೆ ತಿರುಗಿರುತ್ತದೆ. ಬುಡದಲ್ಲಿ ಪುಟ್ಟ ಕಾಯಿ ಇರುವುದು ಹೆಣ್ಣು ಹೂ, ಬರೀ ತೊಟ್ಟಿರುವುದು ಗಂಡು ಹೂ. ಎರಡರ ತುದಿಯನ್ನೂ ಸಂಜೆಯೇ ದಾರದಿಂದ ಮೆಲ್ಲಗೆ ಕಟ್ಟಿಬಿಟ್ಟರೆ ಜೇನು ಒಳಹೋಗದು. ಬೆಳಗ್ಗೆ ಬಿಸಿಲೇರುವ ಮೊದಲು ಗಂಡು ಹೂವನ್ನು ಕಿತ್ತು, ದಳಗಳನ್ನು ತೆಗೆದುಹಾಕಿ, ಪರಾಗ ತುಂಬಿದ ನಡುಭಾಗವನ್ನು ಹೆಣ್ಣು ಹೂವಿನ ಒಳಗೆ ನಯವಾಗಿ ಸವರಬೇಕು. ಬೇರೆ ಬೇರೆ ಬಳ್ಳಿಯ ಎರಡು ಮೂರು ಗಂಡು ಹೂಗಳನ್ನು ಬಳಸಿದರೆ ಇನ್ನೂ ಒಳ್ಳೆಯದು. ಮತ್ತೆ ಹೆಣ್ಣು ಹೂವಿನ ಬಾಯಿ ಕಟ್ಟಿ, ಕಾಯಿಯ ತೊಟ್ಟಿಗೆ ಬಣ್ಣದ ದಾರವನ್ನು ಗುರುತಿಗಾಗಿ ಸಡಿಲವಾಗಿ ಸುತ್ತಬೇಕು. ಕಾಯಿ ಅಡುಗೆಮನೆ ಸೇರದಂತೆ ಮನೆಯವರಿಗೆಲ್ಲ ಆ ದಾರದ ಅರ್ಥ ಗೊತ್ತಿರಬೇಕು. ಸೋರೆ ಮತ್ತು ಹೀರೆ ಸಂಜೆ ಅರಳುವ ಹೂಗಳಾದ್ದರಿಂದ ಈ ಕೆಲಸವನ್ನು ಆಗಲೇ ಮಾಡಬೇಕು. ಸೋರೆಗೂ ಹೀರೆಗೂ ಬೆರಕೆ ನಡೆಯುವುದಿಲ್ಲ, ಆದರೆ ಸಾಂಬಾರಿಗೆ ಬಳಸುವ ಮಂಗಳೂರು ಸೌತೆ ಮತ್ತು ಕರಬೂಜ ಒಂದೇ ಜಾತಿಗೆ ಸೇರಿದವು. ಅವನ್ನು ಅಕ್ಕಪಕ್ಕ ಬೆಳೆದರೆ ಬೀಜ ಕೆಡುತ್ತದೆ.

ಭತ್ತದ ತಳಿಗಳು ಹೆಚ್ಚಿದ್ದು ಗದ್ದೆ ಕಡಿಮೆಯಿರುವವರಿಗೆ ಕಾಸರಗೋಡು ಜಿಲ್ಲೆಯ ಸತ್ಯನಾರಾಯಣ ಬೇಳೇರಿ ಅವರ ದಾರಿ ಮಾದರಿಯಾಗಬಲ್ಲದು. 650ಕ್ಕೂ ಹೆಚ್ಚು ತಳಿಗಳನ್ನು ಕಾಪಾಡಿ 2024ರಲ್ಲಿ ಪದ್ಮಶ್ರೀ ಗೌರವ ಪಡೆದ ಅವರು ಅನೇಕ ತಳಿಗಳ ಕೆಲವೇ ಬುಡಗಳನ್ನು ಮಣ್ಣು ತುಂಬಿದ ಚೀಲಗಳಲ್ಲಿ ಬೆಳೆಸಿ ಬೀಜವನ್ನು ಹೊಸದಾಗಿಸಿಕೊಳ್ಳುತ್ತಾರೆ. ಸಾಲ ಕೊಡುವಷ್ಟು ಬೀಜ ಇದರಿಂದ ಸಿಗದಿದ್ದರೂ ಯಾರೂ ಕೇಳದ ತಳಿ ಕಣ್ಮರೆಯಾಗದಂತೆ ಉಳಿಯುತ್ತದೆ.

ತೆನೆ ಆರಿಸುವುದು

ಬೀಜವನ್ನು ಒಕ್ಕಣೆಯಾದ ರಾಶಿಯಿಂದ ತೆಗೆಯುವುದು ತಪ್ಪು ಕ್ರಮ. ನಿಂತ ಪೈರಿನಲ್ಲೇ ತೆಗೆಯಬೇಕು. ರಾಗಿಯ ಹೊಲಕ್ಕೆ ಎರಡು ಸಲವಾದರೂ ಹೋಗಬೇಕಾಗುತ್ತದೆ. ತೆನೆ ಹೊರಟಾಗ ಮೊದಲ ಸಲ ಹೋಗಿ, ಎತ್ತರದಲ್ಲಿ, ಕಡ್ಡಿಯ ಬಣ್ಣದಲ್ಲಿ, ತೆನೆಯ ಬಗೆಯಲ್ಲಿ ಭಿನ್ನವಾಗಿ ಕಾಣುವ ಗಿಡಗಳನ್ನು ಕಿತ್ತುಹಾಕಬೇಕು. ತೆನೆಯ ಎಳೆಗಳು ಬಿಚ್ಚಿಕೊಂಡು ನಿಲ್ಲುವ ತಳಿಯ ನಡುವೆ ಎಳೆಗಳು ಒಳಕ್ಕೆ ಮಡಚಿಕೊಂಡ ಗಿಡ ಇದ್ದರೆ ಅದು ಬೆರಕೆಯೆಂದು ದೂರದಿಂದಲೇ ತಿಳಿಯುತ್ತದೆ. ಕಾಳು ಬಲಿತಾಗ ಎರಡನೆಯ ಸಲ ಹೋಗಿ, ಬದುವಿನ ಅಂಚನ್ನು ಬಿಟ್ಟು, ಹೊಲದ ನಡುಭಾಗದಿಂದ ಕನಿಷ್ಠ ನೂರು ಒಳ್ಳೆಯ ತೆನೆಗಳನ್ನು ಆರಿಸಬೇಕು. ಅಂಚಿನ ಗಿಡ ಹೆಚ್ಚು ಜಾಗ, ಹೆಚ್ಚು ಬೆಳಕು ಪಡೆದು ಕೊಬ್ಬಿರುವುದರಿಂದ ಅದರ ತೆನೆಯ ಗಾತ್ರ ಕಣ್ಣನ್ನು ಮೋಸಗೊಳಿಸುತ್ತದೆ. ಬೆಂಕಿ ರೋಗ ತಗುಲಿದ ಗಿಡದ ತೆನೆ ಎಷ್ಟೇ ದಪ್ಪವಿದ್ದರೂ ಬೇಡ, ಆ ರೋಗ ಬೀಜದ ಮೂಲಕವೂ ಹರಡುತ್ತದೆ.

ಆರಿಸಿದ ತೆನೆಗಳನ್ನು ಮನೆಯ ಅಂಗಳದಲ್ಲಿ ಬೇರೆಯಾಗಿ ಒಣಗಿಸಿ ಕೋಲಿನಿಂದ ಬಡಿದು ಕಾಳು ಬಿಡಿಸಬೇಕು. ಟಾರು ರಸ್ತೆಯ ಮೇಲೆ ಹರಡಿ ವಾಹನ ಓಡಿಸಿ ಒಕ್ಕುವ ರಾಗಿ ಬಿತ್ತನೆಗೆ ಯೋಗ್ಯವಲ್ಲ. ಕಾಳು ಒಡೆಯುತ್ತದೆ, ಪಕ್ಕದವರ ರಾಗಿ ಬೆರೆಯುತ್ತದೆ. ಬಾಡಿಗೆಯ ಒಕ್ಕಣೆ ಯಂತ್ರದ ಮೂಲೆಗಳಲ್ಲಿ ಹಿಂದಿನ ಹೊಲದ ಕಾಳು ಉಳಿದಿರುತ್ತದೆ ಎಂಬುದನ್ನೂ ಮರೆಯಬಾರದು. ಟೊಮೆಟೊ ಬೀಜಕ್ಕೆ ಬೇರೆಯದೇ ಕ್ರಮವಿದೆ. ಪೂರ್ತಿ ಹಣ್ಣಾದ ಕಾಯಿಯನ್ನು ಹಿಂಡಿ ತಿರುಳು ಸಮೇತ ಒಂದೆರಡು ದಿನ ಹುಳಿಯಲು ಬಿಟ್ಟರೆ ಬೀಜವನ್ನು ಸುತ್ತಿದ ಲೋಳೆ ಕರಗುತ್ತದೆ, ತೊಳೆಯುವಾಗ ಗಟ್ಟಿ ಬೀಜ ತಳಕ್ಕಿಳಿಯುತ್ತದೆ. ಅದನ್ನು ಕಾಗದದ ಮೇಲೆ ಹರಡಿದರೆ ಅಂಟಿಕೊಳ್ಳುತ್ತದೆ. ತಟ್ಟೆಯ ಮೇಲೆ ನೆರಳಿನಲ್ಲಿ ಒಣಗಿಸಬೇಕು.

ಒಣಗಿಸುವುದು, ಕಾಪಿಡುವುದು

ಬೀಜದ ಆಯುಷ್ಯವನ್ನು ನಿರ್ಧರಿಸುವುದು ತೇವ ಮತ್ತು ಶಾಖ. ಬೀಜದಲ್ಲಿನ ತೇವಾಂಶ ಶೇ 1ರಷ್ಟು ಕಡಿಮೆಯಾದರೂ, ಇಡುವ ಜಾಗದ ಶಾಖ 5 ಡಿಗ್ರಿ ಸೆಲ್ಸಿಯಸ್ ಇಳಿದರೂ ಅದರ ಆಯುಷ್ಯ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಬೀಜ ವಿಜ್ಞಾನದಲ್ಲಿ ಬಹುಕಾಲದಿಂದ ಒಪ್ಪಿತವಾದ ಲೆಕ್ಕ. ತಂಪು ಕೋಣೆ ಕಟ್ಟಿಸಲು ಊರಿನ ಸಂಘಕ್ಕೆ ಆಗದಿರಬಹುದು, ಆದರೆ ಚೆನ್ನಾಗಿ ಒಣಗಿಸುವುದು ಎಲ್ಲರ ಕೈಯಲ್ಲೂ ಇದೆ. ರಾಗಿಯಲ್ಲಿ ಶೇ 12, ಭತ್ತದಲ್ಲಿ ಶೇ 13, ತೊಗರಿಯಲ್ಲಿ ಶೇ 9ಕ್ಕಿಂತ ಹೆಚ್ಚು ತೇವ ಇರಬಾರದು. ತೇವ ಅಳೆಯುವ ಯಂತ್ರವಿಲ್ಲದವರು, ಒಂದು ಒಣ ಗಾಜಿನ ಸೀಸೆಯಲ್ಲಿ ಕಾಲು ಭಾಗ ಹುರಿದು ಆರಿಸಿದ ಪುಡಿ ಉಪ್ಪು, ಕಾಲು ಭಾಗ ಬೀಜ ಹಾಕಿ, ಮುಚ್ಚಿ ಚೆನ್ನಾಗಿ ಅಲುಗಾಡಿಸಿ ಸ್ವಲ್ಪ ಹೊತ್ತು ಬಿಟ್ಟು ನೋಡಬೇಕು. ಉಪ್ಪು ಗಾಜಿಗೆ ಅಂಟಿಕೊಂಡರೆ ತೇವ ಶೇ 15ಕ್ಕಿಂತ ಹೆಚ್ಚಿದೆ ಎಂದರ್ಥ. ಅಂಟದಿದ್ದರೂ ಇನ್ನೆರಡು ಬಿಸಿಲು ಕಾಣಿಸುವುದು ಲೇಸು. ಬೆಳಗಿನ ಮತ್ತು ಸಂಜೆಯ ಬಿಸಿಲು ಸಾಕು; ನಡುಹಗಲಿನಲ್ಲಿ, ಅದರಲ್ಲೂ ಸಿಮೆಂಟಿನ ನೆಲದ ಮೇಲೆ, ಹಸಿ ಬೀಜ ಹರಡಿದರೆ ಒಳಗಿನ ಮೊಳಕೆ ಸಾಯುತ್ತದೆ. ಬಿಸಿಲಿನಿಂದ ಎತ್ತಿದ ಬೀಜ ಪೂರ್ತಿ ತಣಿದ ಮೇಲೆಯೇ ಡಬ್ಬಿಗೆ ಸೇರಲಿ.

ಬೇಳೆಕಾಳುಗಳಿಗೆ ಹುಳುವಿನ ಕಾಟ ಹೆಚ್ಚು. ಅದು ಡಬ್ಬಿಯಲ್ಲಿ ಹುಟ್ಟುವುದಿಲ್ಲ. ಹೊಲದಲ್ಲೇ ಕಾಯಿಯ ಮೇಲೆ ಮೊಟ್ಟೆಯಿಟ್ಟು ಕಾಳಿನೊಂದಿಗೆ ಮನೆಗೆ ಬರುತ್ತದೆ. ತೊಗರಿ, ಅವರೆ, ಅಲಸಂದೆಗಳಿಗೆ ಕೆಮ್ಮಣ್ಣನ್ನು ನೀರಿನಲ್ಲಿ ಕಲಸಿ ಹಚ್ಚಿ ಒಣಗಿಸುವ ನಮ್ಮ ಹಳೆಯ ಕ್ರಮ ಇದಕ್ಕೆ ಒಳ್ಳೆಯ ತಡೆ. ಕಿಲೋ ಬೀಜಕ್ಕೆ 5 ಮಿಲಿಲೀಟರ್ ಹರಳೆಣ್ಣೆ ಸವರುವುದು, 10 ಗ್ರಾಂ ಬಜೆ ಬೇರಿನ ಪುಡಿ ಬೆರೆಸುವುದು, ಜರಡಿ ಹಿಡಿದ ಬೂದಿಯಲ್ಲಿ ಹುದುಗಿಸುವುದು, ಬೇವಿನ ಅಥವಾ ಲಕ್ಕಿಯ ಒಣ ಎಲೆ ಹಾಕುವುದು ಇವೂ ಕೆಲಸ ಮಾಡುತ್ತವೆ. ಎಲೆ ಹಸಿಯಾಗಿದ್ದರೆ ಅದೇ ತೇವಕ್ಕೆ ಕಾರಣವಾಗುತ್ತದೆ. ರಾಗಿಗೆ ಹುಳುವಿನ ಭಯ ಕಡಿಮೆ. ನೆಲದೊಳಗೆ ತೋಡಿದ ಕಣಜವಾದ ಹಗೇವಿನಲ್ಲಿ ವರ್ಷಗಟ್ಟಲೆ ರಾಗಿ ಇಡುತ್ತಿದ್ದ ಸೀಮೆಯವರಿಗೆ ಇದನ್ನು ಹೇಳಬೇಕಾಗಿಲ್ಲ.

ಒಂದೇ ದೊಡ್ಡ ಡಬ್ಬಿಗಿಂತ ಗಾಳಿಯಾಡದ ಹಲವು ಸಣ್ಣ ಡಬ್ಬಿಗಳು ಉತ್ತಮ, ಏಕೆಂದರೆ ಪ್ರತಿ ಸಲ ಮುಚ್ಚಳ ತೆರೆದಾಗಲೂ ಗಾಳಿಯ ತೇವ ಒಳಹೋಗುತ್ತದೆ. ತಳದಲ್ಲಿ ಹುರಿದು ತಣಿಸಿದ ಅಕ್ಕಿಯ ಪುಟ್ಟ ಗಂಟನ್ನು ಇಟ್ಟರೆ ಉಳಿದ ತೇವವನ್ನು ಹೀರುತ್ತದೆ. ತಳಿಯ ಹೆಸರು, ಬೆಳೆದ ವರ್ಷ, ಬೆಳೆದ ಮನೆ, ಇಷ್ಟನ್ನು ಪೆನ್ಸಿಲಿನಲ್ಲಿ ಬರೆದ ಚೀಟಿಯೊಂದು ಒಳಗೂ ಇರಬೇಕು, ಹೊರಗೂ ಇರಬೇಕು. ಪೆನ್ನಿನ ಶಾಯಿ ಮಾಸುತ್ತದೆ, ಹೊರಗಿನ ಚೀಟಿ ಉದುರುತ್ತದೆ, ಹೆಸರಿಲ್ಲದ ಬೀಜ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ.

ಕೊಡುವಾಗ, ಪಡೆಯುವಾಗ

ಬೀಜ ಕೊಡುವ ಎರಡು ವಾರ ಮೊದಲು ಮೊಳಕೆ ನೋಡಬೇಕು. ಕಣ್ಣು ಮುಚ್ಚಿ ಎಣಿಸಿದ ನೂರು ಕಾಳುಗಳನ್ನು ಒದ್ದೆ ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿ, ಸುರುಳಿ ಸುತ್ತಿ, ತೇವ ಆರದಂತೆ ನೆರಳಿನಲ್ಲಿಡಬೇಕು. ದಪ್ಪ ದಪ್ಪ ಕಾಳುಗಳನ್ನು ಹೆಕ್ಕಿದರೆ ಪರೀಕ್ಷೆಯೇ ಸುಳ್ಳಾಗುತ್ತದೆ. ತೊಗರಿಯನ್ನು 6ನೆಯ ದಿನ, ರಾಗಿಯನ್ನು 8ನೆಯ ದಿನ, ಭತ್ತವನ್ನು 14ನೆಯ ದಿನ ಕೊನೆಯದಾಗಿ ಎಣಿಸಬೇಕು. ಬೇರು ಮತ್ತು ಕುಡಿ ಎರಡೂ ಸರಿಯಾಗಿ ಬಂದವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ಪ್ರಮಾಣೀಕೃತ ಬೀಜಕ್ಕೆ ದೇಶದಲ್ಲಿ ನಿಗದಿಯಾದ ಕನಿಷ್ಠ ಮೊಳಕೆ ಭತ್ತಕ್ಕೆ ಶೇ 80, ರಾಗಿಗೂ ತೊಗರಿಗೂ ಶೇ 75. ನಮ್ಮ ಬ್ಯಾಂಕಿನ ಬೀಜವೂ ಇದಕ್ಕೆ ಕಡಿಮೆಯಿದ್ದರೆ ಯಾರಿಗೂ ಸಾಲ ಕೊಡಬಾರದು. ಒಂದು ಸಲ ಬಿತ್ತನೆ ಕೈಕೊಟ್ಟ ರೈತ ಮತ್ತೆ ಬಾಗಿಲಿಗೆ ಬರುವುದಿಲ್ಲ. ಅಂಥ ಬೀಜವನ್ನು ಸಂಘದ ಹೊಲದಲ್ಲೇ ದಟ್ಟವಾಗಿ ಬಿತ್ತಿ ಹೊಸದಾಗಿಸಿಕೊಳ್ಳಬೇಕು.

ಒಂದು ಪಾಲು ಪಡೆದವರು ಸುಗ್ಗಿಯಲ್ಲಿ ಎರಡು ಪಾಲು ಹಿಂದಿರುಗಿಸುವುದು ಸಾಮಾನ್ಯವಾದ ನಿಯಮ, ಮತ್ತು ಅದು ಹೊರೆಯೂ ಅಲ್ಲ. ಕೂರಿಗೆಯಲ್ಲಿ ಬಿತ್ತಲು ಎಕರೆಗೆ 4 ಕಿಲೋ ರಾಗಿ ಪಡೆದವರು 8 ಕಿಲೋ ಕೊಡಬೇಕಾಗುತ್ತದೆ. ಪೈರು ನಾಟಿ ಮಾಡುವವರಿಗೆ ಎಕರೆಗೆ 2 ಕಿಲೋ ಬೀಜ ಸಾಕಾಗುವುದರಿಂದ ಸಾಲವೂ ಅರ್ಧಕ್ಕೆ ಇಳಿಯುತ್ತದೆ. ಭತ್ತದಲ್ಲಂತೂ ಸಾಮಾನ್ಯ ನಾಟಿಗೆ ಎಕರೆಗೆ 25 ಕಿಲೋ ಬೇಕಾದರೆ ಒಂಟಿ ಪೈರಿನ ಶ್ರೀ ಪದ್ಧತಿಗೆ 2 ಕಿಲೋ ಸಾಕು. ಅಂದರೆ ಅಷ್ಟೇ ಬೀಜದಿಂದ ಬ್ಯಾಂಕ್ ಹನ್ನೆರಡು ಮನೆಗಳಿಗೆ ಆಸರೆಯಾಗಬಲ್ಲದು. ಮಳೆ ಕೈಕೊಟ್ಟು ಬೆಳೆ ಹೋದ ಮನೆಯಿಂದ ಏನನ್ನೂ ಕೇಳಬಾರದು, ಮುಂದಿನ ವರ್ಷ ಮತ್ತೆ ಬೀಜ ಕೊಡಬೇಕು. ಈ ಮಾತನ್ನು ಮೊದಲ ಸಭೆಯಲ್ಲೇ ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರ ಸಹಿ ಪಡೆದರೆ ಬರಗಾಲದಲ್ಲಿ ಮನಸ್ತಾಪ ಬರುವುದಿಲ್ಲ. ಬೀಜದ ಬದಲು ಹಣ ಪಡೆಯುವುದನ್ನು ಮಾತ್ರ ನಾನು ಒಪ್ಪಲಾರೆ. ಹಣ ಬಂದ ವರ್ಷ ಆ ಬೀಜ ಹೊಲದಿಂದ ಹಿಂದಿರುಗಿಲ್ಲ ಎಂದೇ ಅರ್ಥ.

ಮರಳಿ ಬರುವ ಬೀಜದ ಗುಣಮಟ್ಟಕ್ಕಾಗಿ, ಸಾಲ ಪಡೆದವರ ಹೊಲವನ್ನು ತೆನೆ ಹೊರಟಾಗ ಸಮಿತಿಯ ಇಬ್ಬರು ನೋಡಿ ಬರಬೇಕು. ಸಮಿತಿಯಲ್ಲಿ ಹೆಂಗಸರೇ ಹೆಚ್ಚಿರಲಿ, ಡಬ್ಬಿಗಳ ಕೀಲಿ ಇಬ್ಬರ ಬಳಿ ಇರಲಿ, ಲೆಕ್ಕದ ಪುಸ್ತಕ ಓದುಬರಹ ಬಲ್ಲ ಕಿರಿಯರೊಬ್ಬರ ಕೈಯಲ್ಲಿರಲಿ. ತಳಿ ಉಳಿಯಲು ಉಣ್ಣುವವರೂ ಬೇಕಾದ್ದರಿಂದ, ಹೆಚ್ಚುವರಿ ಕಾಳನ್ನು ಸಂಘದ ಮೂಲಕ ಒಟ್ಟಾಗಿ ಮಾರುವ ಏರ್ಪಾಟು ಎರಡನೆಯ ವರ್ಷದಿಂದ ಆಗಬೇಕು. ರಾಗಿಯ ಜೊತೆ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆಗಳನ್ನು ನಡುನಡುವೆ ಬಿಟ್ಟ ಅಕ್ಕಡಿ ಸಾಲಿನಲ್ಲಿ ಬಿತ್ತುವವರಿಗೆ ಆ ಐದೂ ಬೀಜಗಳನ್ನು ಒಟ್ಟಿಗೆ ಕೊಟ್ಟರೆ ಒಂದೇ ಹೊಲದಲ್ಲಿ ಐದು ತಳಿಗಳು ಉಳಿಯುತ್ತವೆ, ಮನೆಗೆ ಎಣ್ಣೆಬೀಜ ಮತ್ತು ಬೇಳೆಯ ಖರ್ಚೂ ಇಳಿಯುತ್ತದೆ.

ಕಾನೂನಿನ ಭಯ ಬೇಡ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೆಯ ಕಲಂ ರೈತರಿಗೆ ತಮ್ಮ ಬೆಳೆಯ ಬೀಜವನ್ನು ಎತ್ತಿಡುವ, ಬಿತ್ತುವ, ವಿನಿಮಯ ಮಾಡುವ, ಮಾರುವ ಹಕ್ಕನ್ನು ಕೊಟ್ಟಿದೆ. ಈ ಕಾಯ್ದೆಯಡಿ ನೋಂದಾಯಿಸಿ ಹಕ್ಕು ಪಡೆದ ತಳಿಯ ಬೀಜವನ್ನು ಬ್ರ್ಯಾಂಡಿನ ಹೆಸರಿನಲ್ಲಿ ಮಾರುವುದಕ್ಕೆ ಮಾತ್ರ ಅವಕಾಶವಿಲ್ಲ. ರೈತರ ತಳಿಯನ್ನು ಇದೇ ಕಾಯ್ದೆಯಡಿ ಶುಲ್ಕವಿಲ್ಲದೆ ನೋಂದಾಯಿಸಲೂಬಹುದು. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಇಡಬೇಕು. ನಿಮ್ಮ ಬ್ಯಾಂಕಿನ ತಳಿಗಳ ಪಟ್ಟಿಯನ್ನು, ಬೀಜ ಕೊಟ್ಟ ಮನೆಗಳ ಹೆಸರಿನೊಡನೆ, ಆ ದಾಖಲಾತಿಯಲ್ಲಿ ಬರೆಸಿ ನಕಲು ಪಡೆದಿಟ್ಟುಕೊಳ್ಳಿ. ಮುಂದೆ ಯಾರಾದರೂ ಆ ತಳಿ ತಮ್ಮದೆಂದು ಹೇಳಿಕೊಂಡು ಬಂದರೆ ಊರಿನ ಬಳಿ ಬರವಣಿಗೆಯ ಆಧಾರ ಇರುತ್ತದೆ.

ಎರಡನೆಯ ಸುಗ್ಗಿ ಮುಗಿದ ಮೇಲೆ ಪ್ರತಿ ತಳಿಯ ಅರ್ಧ ಕಿಲೋ ಬೀಜವನ್ನು, ತರಕಾರಿಯಾದರೆ ಒಂದು ಹಿಡಿಯನ್ನು, ಬೇರೆ ಮಳೆಗೆ ಸೇರಿದ ಪಕ್ಕದ ಹೋಬಳಿಯ ಸಂಘವೊಂದಕ್ಕೆ ಕೊಟ್ಟು ಅವರ ತಳಿಗಳನ್ನು ನೀವು ಪಡೆದುಕೊಳ್ಳಿ. ಈ ವಿನಿಮಯವನ್ನು ಎರಡೂ ಊರಿನ ಪುಸ್ತಕಗಳಲ್ಲಿ ಬರೆದಿಟ್ಟು, ಮೂರು ವರ್ಷಕ್ಕೊಮ್ಮೆ ಹೊಸ ಬೆಳೆಯ ಬೀಜದಿಂದ ಬದಲಿಸುತ್ತಿರಬೇಕು.